ಶೈಮಿಯೆವ್ ಗಳಿಸಿದ್ದು ಯಾಕೆ ಉಳಿಯಲಿಲ್ಲ?

ವೋಲ್ಗಾತೀರ: ರಷ್ಯಾದೊಳಗಿನ ತಾತಾರ್‌ಸ್ತಾನಕ್ಕೆ 1991ರಿಂದ 2010ರವರೆಗೆ ಮಿಂತಿಮೆರ್ ಶೈಮಿಯೆವ್ ಅಧ್ಯಕ್ಷರಾಗಿದ್ದರು. ಹಳ್ಳಿ ಹುಡುಗ, ಕೃಷಿ ಕಾಲೇಜಲ್ಲಿ ಇಂಜಿನಿಯರಿಂಗ್ ಓದಿ, ನೀರಾವರಿ ಮಂತ್ರಿಯಾಗಿ ಮೇಲೆ ಬಂದವರು. ಮಾಸ್ಕೋ ಜೊತೆ ಅವರಷ್ಟು ಜಾಣತನದಿಂದ ಚೌಕಾಸಿ ಮಾಡಿದವರು ಇನ್ನೊಬ್ಬರಿಲ್ಲ. 1992ರಲ್ಲಿ ಮಾಸ್ಕೋ ಮತ್ತು ಪ್ರಾಂತ್ಯಗಳ ನಡುವಿನ ಫೆಡರೇಷನ್ ಒಪ್ಪಂದಕ್ಕೆ ಸಹಿ ಹಾಕದವು ಎರಡೇ ಗಣರಾಜ್ಯ, ಚೆಚೆನ್ಯಾ ಮತ್ತು ತಾತಾರ್‌ಸ್ತಾನ. 1994ರ ಕೊನೆಗೆ ಚೆಚೆನ್ಯಾದ ರಾಜಧಾನಿ ಗ್ರೋಜ್ನಿ ಮೇಲೆ ರಷ್ಯಾದ ಬಾಂಬ್ ಬೀಳುತ್ತಿತ್ತು. ತಾತಾರ್‌ಸ್ತಾನದ ರಾಜಧಾನಿ ಕಜಾನ್‌ನವರು ಅದೇ ವರ್ಷದ ಫೆಬ್ರವರಿಯಲ್ಲೇ ಮಾಸ್ಕೋ ಜೊತೆ ಅಧಿಕಾರ ಹಂಚಿಕೆಯ ಒಪ್ಪಂದ ಮಾಡಿಕೊಂಡಿದ್ದರು. ಒಂದು ಹನಿ ರಕ್ತ ಹರಿಯಲಿಲ್ಲ.

ಹಳೇಓದುಗ: ಜಾಣತನ ಒಪ್ಪುತ್ತೇನೆ ಸರ್. ಆದರೆ 1991, 1996 ಎರಡು ಸಲವೂ ಎದುರಾಳಿಯೇ ಇರಲಿಲ್ಲ. ಮಗ ರಾದಿಕ್‌ಗೆ ತೈಲ, ಪೆಟ್ರೋಕೆಮಿಕಲ್ ಕಂಪನಿ ತೈಫ್‌ನಲ್ಲಿ ಪಾಲು. ಆ ಮಗನ ಹೆಸರು ಫೋರ್ಬ್ಸ್ ಶ್ರೀಮಂತರ ಪಟ್ಟಿಯಲ್ಲಿತ್ತು. ಇದನ್ನು ಬಿಟ್ಟು ಸುಮ್ನೆ ಹೊಗಳಿದರೆ ಹೇಗೆ?

ಕಜಾನ್‌ವಿದ್ಯಾರ್ಥಿನಿ: ನಾನು ಅಲ್ಲಿ ಮೆಡಿಕಲ್ ಓದಿದವಳು. 1552ರಲ್ಲಿ ರಷ್ಯಾದ ದೊರೆ ಇವಾನನ ಸೈನ್ಯ ಊರು ಗೆದ್ದಾಗ ನಾಶವಾದ ಕುಲ್ ಶರೀಫ್ ಮಸೀದಿಯನ್ನು ಶೈಮಿಯೆವ್ 2005ರಲ್ಲಿ ಮತ್ತೆ ಎಬ್ಬಿಸಿದರು. ಆ ಮಸೀದಿ ಇರುವ ಕೋಟೆಯೊಳಗೇ ಹಳೇ ಕೆಥೆಡ್ರಲ್ ಕೂಡ ರಿಪೇರಿಯಾಯಿತು. ಮಸೀದಿಯಿಂದ ಹೊರಟರೆ ಎರಡು ಮೂರು ನಿಮಿಷಕ್ಕೆ ಕೆಥೆಡ್ರಲ್ ಬಾಗಿಲು. ಎರಡೂ ಕಡೆ ಜನ ಇರುತ್ತಿದ್ದರು. ನನಗೆ ತುಂಬಾ ಇಷ್ಟವಾದ ಜಾಗ. ಆದರೆ ನಮ್ಮ ಮನೆ ಓನರ್ ಅಜ್ಜಿ ಚಕ್‌ಚಕ್ ಸಿಹಿ ತಟ್ಟೆಗೆ ಹಾಕಿ ಮೊಮ್ಮಗನನ್ನು ತಾತಾರ್‌ನಲ್ಲಿ ಕರೆಯುತ್ತಿದ್ದರು. ಅವನು ಉತ್ತರ ಕೊಡುತ್ತಿದ್ದದ್ದು ರಷ್ಯನ್‌ನಲ್ಲಿ. ಪ್ರತಿ ಸಲವೂ ಅಜ್ಜಿ ಮುಖ ಸಣ್ಣದಾಗುತ್ತಿತ್ತು.

ಹಳೇಓದುಗ: ನನ್ನ ಸಂಕಟವೂ ಅದೇ ಮೇಡಂ. 2017ರಲ್ಲಿ ಅಧಿಕಾರ ಹಂಚಿಕೆ ಒಪ್ಪಂದದ ಅವಧಿ ಮುಗಿಯಿತು, ಮಾಸ್ಕೋ ಮುಂದುವರಿಸಲಿಲ್ಲ. ಅದೇ ವರ್ಷ ಶಾಲೆಗಳಲ್ಲಿ ತಾತಾರ್ ಕಡ್ಡಾಯ ಅನ್ನೋದೂ ಹೋಯಿತು. 2023ರಲ್ಲಿ ‘ಪ್ರೆಸಿಡೆಂಟ್’ ಎಂಬ ಪದವಿಯ ಹೆಸರೂ ಹೋಗಿ ‘ರಾಯಿಸ್’ ಆಯಿತು. ಎಲ್ಲವೂ ಆಗಿನ ರಷ್ಯಾ ಅಧ್ಯಕ್ಷ ಯೆಲ್ತ್ಸಿನ್, ಶೈಮಿಯೆವ್ ಇಬ್ಬರ ನಂಬಿಕೆಯ ಮೇಲೆ ನಿಂತಿತ್ತು. ಕೇಳುವ ವಿರೋಧ ಪಕ್ಷ ಬೆಳೆಯಲು ಶೈಮಿಯೆವ್ ಅವರೇ ಬಿಡಲಿಲ್ಲ.

ವೋಲ್ಗಾತೀರ: ಪ್ರಾಂತ್ಯದ ಮುಖ್ಯಸ್ಥರ ಚುನಾವಣೆಯನ್ನೇ ಪುಟಿನ್ 2004ರಲ್ಲಿ ತೆಗೆದರು. ಒಬ್ಬ ಪ್ರಾಂತ್ಯದ ನಾಯಕ ಏನು ಮಾಡಬೇಕಿತ್ತು? ಇನ್ನೊಂದು ಗ್ರೋಜ್ನಿ ಬೇಕಿತ್ತಾ?

ಹಳೇಓದುಗ: ಬೇಡ. ಆದರೆ ಪುಟಿನ್ ಬೆಂಬಲದ ಯುನೈಟೆಡ್ ರಷ್ಯಾ ಪಕ್ಷ ಕಟ್ಟಿದವರಲ್ಲಿ ಅವರೂ ಒಬ್ಬರು, ಅಲ್ವಾ? ಆ ಪಕ್ಷದ ಬಹುಮತದಿಂದಲೇ ಆ ಕಾನೂನು ಪಾಸಾಯಿತು.

ವೋಲ್ಗಾತೀರ: ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ಆ ಇಪ್ಪತ್ತು ವರ್ಷದ ಶಾಂತಿಯನ್ನು ನಾನು ಸಣ್ಣದು ಅನ್ನಲ್ಲ.

ಕಜಾನ್‌ವಿದ್ಯಾರ್ಥಿನಿ: ಅಜ್ಜಿಯೂ ಅನ್ನುತ್ತಿರಲಿಲ್ಲ. ಶೈಮಿಯೆವ್ ಫೋಟೋ ಅವರ ಫ್ರಿಜ್ ಮೇಲೇ ಇತ್ತು.