ಸೋಪಿಗೂ ತೌಡಿನ ಚೀಲಕ್ಕೂ ಕುಸ್ತಿ

ಶೀನಿ: ಇದೇನ್ರಿ ರಾಯ್ರೇ, ಈ ಚಿತ್ರದಲ್ಲಿ ಕೊಡೆಗೂ ಕೈಕಾಲು ಬಂದು ಜಗಳಕ್ಕೆ ನಿಂತಿದೆ?

ರಾಯರು: ಜಪಾನಿನ ಚಿತ್ರಕಾರ ಉತಾಗಾವಾ ಯೊಶಿಫುಜಿ ಬರೆದದ್ದು, 1873. ಹಡಗಲ್ಲಿ ಬಂದ ಸಾಮಾನಿಗೂ ಜಪಾನಿನ ಹಳೇ ಸಾಮಾನಿಗೂ ಕುಸ್ತಿ ಹಚ್ಚಿದಾನೆ. ಮೈ ಮನುಷ್ಯರದು, ತಲೆ ಸಾಮಾನಿಂದು. ಇಟ್ಟಿಗೆಗೆ ಹೆಂಚು ಎದುರಾಳಿ, ಸೋಪಿಗೆ ಅಕ್ಕಿ ತೌಡಿನ ಚೀಲ.

ಪದ್ಮಾ: ತೌಡು ಎಮ್ಮೆಗಲ್ವಾ?

ರಾಯರು: ಅಲ್ಲಿ ಮೈಗಮ್ಮ. ಪುಟ್ಟ ಬಟ್ಟೆಚೀಲಕ್ಕೆ ತುಂಬಿ, ನೀರಲ್ಲದ್ದಿ ಉಜ್ಜೋದು. ನಮ್ಮ ಕಡಲೆಹಿಟ್ಟಿನ ಹಾಗೆ.

ಶೀನಿ: ಪಲ್ಲಕ್ಕಿ ಮೇಲೆ ರಿಕ್ಷಾ ಬಿದ್ದಿದೆ. ರಿಕ್ಷಾ ಯಾವ ದೇಶದ್ದು?

ರಾಯರು: ಅದೇ ತಮಾಷೆ! 1870ರ ಹೊತ್ತಿಗೆ ಟೋಕಿಯೊದಲ್ಲೇ ಹುಟ್ಟಿದ್ದು. ಹೊಸದು ನೋಡಿ, ಅದನ್ನೂ ಹಡಗಿನ ಸಾಮಾನಿನ ಕಡೆಗೇ ತಳ್ಳಿದಾರೆ.

ಪದ್ಮಾ: ಫೋಟೋ ಜತೆ ಗುದ್ದಾಡ್ತಿರೋದು ಯಾರು?

ರಾಯರು: ನಿಶಿಕಿಯೆ. ಅಂದ್ರೆ ಇದೇ, ಬಣ್ಣದ ಮರದಚ್ಚಿನ ಚಿತ್ರ. ತನ್ನ ಜಗಳ ತಾನೇ ಅಚ್ಚು ಹಾಕಿಸ್ಕೊಂಡಿದೆ.

ಶೀನಿ: ಪಾಪ, ಸ್ವದೇಶಿ.

ರಾಯರು: ಎಲ್ಲಿಯ ಸ್ವದೇಶಿ! ಆ ಕಾಲದ ಅಚ್ಚುಗಳ ಕಣ್ಣು ಕುಕ್ಕೋ ಕೆಂಪು ಹೊರದೇಶದ ಬಣ್ಣ. ನೀಲಿ ಇನ್ನೂ ಹಳೇ ವಲಸೆ, ಪ್ರಷ್ಯನ್ ಬ್ಲೂ. 1830ರ ಹೊತ್ತಿಗೇ ಮನೆಮಗ ಆಗಿಬಿಟ್ಟಿತ್ತು.

ಪದ್ಮಾ: ಇಷ್ಟೊಂದು ಬಣ್ಣ ಗೆರೆ ದಾಟದ ಹಾಗೆ ಹೇಗೆ ಕೂರಿಸ್ತಾರೆ?

ರಾಯರು: ಬಣ್ಣಕ್ಕೊಂದು ಅಚ್ಚು, ಕಾಡು ಚೆರ್ರಿ ಮರದ್ದು. ಪ್ರತಿ ಹಲಗೆಲೂ ಎರಡು ಕಚ್ಚು. ಒಂದು ಮೂಲೆಲಿ ಲಂಬಕೋನದ್ದು, ಅದೇ ಅಂಚಲ್ಲಿ ಸ್ವಲ್ಪ ದೂರಕ್ಕೆ ಇನ್ನೊಂದು ನೇರದ್ದು. ಎರಡಕ್ಕೂ ಸೇರಿ ಕೆಂತೊ ಅಂತ ಹೆಸರು. ಹಾಳೆ ಮೂಲೆ ಮೊದಲು ಕೂರಬೇಕು, ಆಮೇಲೆ ಅಂಚು. ಹಲಗೆ ಮೇಲೆ ಬಣ್ಣಕ್ಕೆ ಒಂಚೂರು ಅಕ್ಕಿ ಗಂಜಿ ಸೇರಿಸಿ ಬ್ರಷ್‌ನಲ್ಲೇ ಹರಡಿ, ಹಾಳೆ ಇಟ್ಟು, ಬೆನ್ನ ಮೇಲೆ ಬಾರೆನ್ ತಿಕ್ಕೋದು. ಬಿದಿರಿನ ಪೊರೆ ಸುತ್ತಿದ ದುಂಡು ಬಿಲ್ಲೆ ಅದು.

ಶೀನಿ: ಕಾವಲಿಗೆ ಈರುಳ್ಳಿ ತಿಕ್ಕಿದ ಹಾಗೆ.

ರಾಯರು: ಕೆಟ್ಟರೂ ದೋಸೆ ಥರಾನೇ. ಗಂಜಿಯೋ ಒತ್ತೋ ಕಡಿಮೆಯಾದ್ರೆ ಬಣ್ಣ ಚುಕ್ಕಿಚುಕ್ಕಿ. ಅದನ್ನ ಎಳ್ಳಚ್ಚು ಅಂತಲೇ ಕರೀತಾರೆ.

ಪದ್ಮಾ: ಮತ್ತೆ ಈ ಕೆಂಪು ಕೆನ್ನೆಯಿಂದ ಕಿವಿಗೆ ಹೋಗೋದು?

ರಾಯರು: ತೇವದ ಎಡವಟ್ಟು. ಹಾಳೆ ಒದ್ದೆ ಮಾಡಿಟ್ಟಿರ್ತಾರೆ. ಮಧ್ಯದಲ್ಲಿ ಒಣಗಿದ್ರೆ ಕುಗ್ಗುತ್ತೆ. ಆಗ ಕಚ್ಚು ಸರಿಯಿದ್ರೂ ಮುಂದಿನ ಬಣ್ಣ ಜಾರುತ್ತೆ. ಅದಕ್ಕೇ ಹಾಳೆಗಳನ್ನ ಒಟ್ಟಿ, ಮುಚ್ಚಿಟ್ಟು, ಬೇಕಾದಾಗ ಒಂದೊಂದೇ ಎಳ್ಕೊಳ್ಳೋದು.

ಶೀನಿ: ಕೊನೆಗೆ ಗೆದ್ದಿದ್ದು ಫೋಟೋನೇ ತಾನೇ?

ರಾಯರು: ಗೆದ್ದಿತು. ಆದ್ರೆ ಕಪ್ಪು-ಬಿಳುಪು. ಯೊಕೊಹಾಮಾದ ಫೋಟೋ ಅಂಗಡಿಯವರು ಅದಕ್ಕೆ ಕೈಯಲ್ಲೇ ಬಣ್ಣ ಬಳಿಸ್ತಿದ್ರು.

ಪದ್ಮಾ: ಕುಂಚದವರಿಗೆ ಕೂಲಿ ಸಿಕ್ತು ಅನ್ನಿ!