ನೇರವಾಗಿ ಕೊಂಡ ಹಳೆಯ ಕಾರು, ಅಡಿಯಲ್ಲಿ ತುಕ್ಕು: ಹೊಣೆ ಯಾರದು?

ಕಡೆಕಾರಿನಿಂದ ಕೇಳಿಕೆ:
ಬ್ರೋಕರ್ ಇಲ್ಲದೆ ಮಲ್ಪೆಯ ಒಬ್ಬರಿಂದ ನೇರವಾಗಿ 2014ರ ಡೀಸೆಲ್ ಕಾರು ನೋಡಿದ್ದೇನೆ. ಉಡುಪಿಯ ಕೆಎ-20 ನೋಂದಣಿ, ಒಬ್ಬರೇ ಮಾಲೀಕರು, ಕೇಳುತ್ತಿರುವುದು 2,80,000. ಮೇಲಿನ ಪೈಂಟ್ ಚೆನ್ನಾಗಿದೆ. ಕಾರಿನ ಅಡಿಭಾಗಕ್ಕೆ ಕಳೆದ ತಿಂಗಳಷ್ಟೇ ತುಕ್ಕು ತಡೆಯುವ ಕಪ್ಪು ಕೋಟಿಂಗ್ ಹೊಡೆಸಿದ್ದಾರಂತೆ. ಮುಂಗಡ ಇನ್ನೂ ಕೊಟ್ಟಿಲ್ಲ. ಕೊಂಡ ಮೇಲೆ ತುಕ್ಕು ಕಂಡರೆ ಅವರನ್ನು ಕೇಳಬಹುದೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ತೊಕ್ಕೊಟ್ಟಿನಿಂದ:
ಕಪ್ಪು ಕೋಟಿಂಗ್ ಎಂದು ಓದಿದ ಕೂಡಲೇ ನನಗೆ ಮೈ ಉರಿಯಿತು. ನನಗೆ ಮಾರಿದವರೂ ಇದನ್ನೇ ಹೇಳಿದ್ದರು: "ಅಡಿಗೆ ಹೊಸದಾಗಿ ಹೊಡೆಸಿದ್ದೇನೆ, ಇನ್ನು ಐದು ವರ್ಷ ಚಿಂತೆಯಿಲ್ಲ." ಸಂಬಂಧಿಕರ ಮದುವೆಯಲ್ಲಿ ಪರಿಚಯವಾದವರು, ನಿವೃತ್ತ ನೌಕರರು, ಬಾಯಿ ತುಂಬಾ ಮಾತು. 2,35,000ಕ್ಕೆ ವ್ಯವಹಾರ ಮುಗಿಯಿತು. ಮೊದಲ ಆಟಿ ತಿಂಗಳ ಮಳೆಯಲ್ಲೇ ಚಾಲಕನ ಕಾಲಬುಡದಲ್ಲಿ ಒದ್ದೆ. ಮ್ಯಾಟ್ ತೆಗೆದು ಅದರಡಿಯ ಹಾಸು ಎತ್ತಿದರೆ ತಗಡು ಹಪ್ಪಳದ ಹಾಗೆ ಪದರ ಪದರವಾಗಿ ಎದ್ದಿತ್ತು. ಮೆಕ್ಯಾನಿಕ್ ಸ್ಕ್ರೂಡ್ರೈವರ್ ಇಟ್ಟು ಸುಮ್ಮನೆ ಒತ್ತಿದರು, ಹಿಡಿಯವರೆಗೂ ಇಳಿಯಿತು. ಅಷ್ಟು ದಿನ ನನ್ನ ಕಾಲಿನ ಕೆಳಗಿದ್ದದ್ದು ತಗಡಲ್ಲ, ಒಣಗಿದ ಡಾಮರಿನಂಥ ಆ ಕೋಟಿಂಗ್!

ಲೆಕ್ಕ ಕೇಳಿ. ಎರಡೂ ಬದಿಯ ರನ್ನಿಂಗ್ ಬೋರ್ಡ್ (ಬಾಗಿಲುಗಳ ಕೆಳಗಿನ ಪಟ್ಟಿ) ಕತ್ತರಿಸಿ ಹೊಸ ತಗಡು ಕೂರಿಸಿದ್ದಕ್ಕೆ 18,000. ಪ್ಲಾಟ್‌ಫಾರ್ಮ್ (ಕಾಲಿಡುವ ನೆಲದ ತಗಡು) ತೇಪೆ 9,500. ಪೈಂಟ್ 14,000. ತುಕ್ಕು ಹಿಡಿದ ಬ್ರೇಕ್ ಪೈಪುಗಳಿಗೆ 4,200. ಇಷ್ಟಕ್ಕೆ ಮುಗಿಯಿತು ಎಂದುಕೊಳ್ಳುವಾಗ ಜಾಕಿ ಕೊಟ್ಟ ಕಡೆ ಕ್ರಾಸ್ ಮೆಂಬರ್ (ಅಡಿಯ ಅಡ್ಡಪಟ್ಟಿ) ಮುರುಕಲಾಗಿರುವುದು ಕಂಡಿತು, ಸಾಮಾನು 11,200, ಕೂಲಿ 3,500. ಒಟ್ಟು 60,400. ಮಾರಿದವರಿಗೆ ಫೋನ್ ಮಾಡಿದರೆ "ನೋಡಿಯೇ ಕೊಂಡದ್ದಲ್ಲವೇ" ಎಂಬ ಉತ್ತರ. ಅರುವತ್ತು ಸಾವಿರ ಹೋದದ್ದಕ್ಕಿಂತ ಆ ಮಾತು ನನಗೆ ಹೆಚ್ಚು ನೋವು ಕೊಟ್ಟಿತು. ಇಂಥ ಕೋಟಿಂಗ್ ಹೊಡೆದುಕೊಡುವ ಗ್ಯಾರೇಜಿನವರಿಗೂ ಪಾಪ ತಟ್ಟಬೇಕು. ಹೆದ್ದಾರಿ 66ರಲ್ಲಿ ಉಪ್ಪುನೀರು ಸುರಿಸುತ್ತಾ ಹೋಗುವ ಮೀನಿನ ಲಾರಿಗಳ ಮಾತು ಬೇರೆಯೇ ಇದೆ.

ಬಜ್ಪೆಯಿಂದ:
"ನೋಡಿಯೇ ಕೊಂಡದ್ದಲ್ಲವೇ" ಎಂಬುದರಲ್ಲಿ ತಪ್ಪೇನಿದೆ ಸ್ವಾಮೀ? ನಾನು ಮಾರಿದವನು, ಅದಕ್ಕೇ ಹೇಳುತ್ತಿದ್ದೇನೆ. ದುಬೈಗೆ ಹೋಗುವಾಗ ಮನೆಯಲ್ಲಿಟ್ಟು ಹೋದ ಕಾರು, ರಜೆಗೆ ಬಂದಾಗ ಮಾತ್ರ ಓಡಿಸಿದ್ದು. ಕೊಳ್ಳಲು ಬಂದವನಿಗೆ "ನಿಮ್ಮ ಮೆಕ್ಯಾನಿಕ್ ಕರೆತನ್ನಿ, ಬೇಕಿದ್ದರೆ ಗ್ಯಾರೇಜಿನ ಪಿಟ್ ಮೇಲೆ ನಿಲ್ಲಿಸಿ ಅಡಿ ನೋಡಿ" ಎಂದು ನಾನೇ ಹೇಳಿದೆ. ಅವನು ಏಸಿ ಹಾಕಿ ನೋಡಿದ, ಹಾಡು ಹಾಕಿ ಕೇಳಿ ನೋಡಿದ, ಒಂದು ಸುತ್ತು ಓಡಿಸಿದ, 10,000 ಕಡಿಮೆ ಮಾಡಿಸಿಕೊಂಡು ಹೋದ. ಮಳೆಗಾಲ ಕಳೆದ ಮೇಲೆ ಹೆಂಡತಿ, ಭಾವ ಎಲ್ಲರನ್ನೂ ಕರೆದುಕೊಂಡು ಬಂದು ನಮ್ಮ ಜಗಲಿಯಲ್ಲಿ ನಿಂತು, ಹಿಂದಿನ ಚಕ್ರದ ಮೇಲ್ಭಾಗ ತೂತಾಗಿದೆ, 40,000 ಕೊಡಿ ಎಂದು ಗಲಾಟೆ! ನೆರೆಯವರೆಲ್ಲ ಗೇಟಿನಲ್ಲಿ. ನನ್ನ ತಂದೆಗೆ ರಕ್ತದೊತ್ತಡ. ನಾನು ಒಂದು ರೂಪಾಯಿಯೂ ಕೊಡಲಿಲ್ಲ, ಕೊಡುವುದೂ ಇಲ್ಲ. ನಮ್ಮ ಕರಾವಳಿಯಲ್ಲಿ ಹತ್ತು ವರ್ಷ ಮಳೆ ತಿಂದ ಕಾರಿಗೆ ತುಕ್ಕು ಇರುತ್ತದೆ ಎಂದು ಮಾರುವವನು ಬರೆದುಕೊಡಬೇಕೇ?

ಪಡುಬಿದ್ರಿಯ ಟಿಂಕರಿಂಗ್ ಶೆಡ್ಡಿನಿಂದ:
ತೊಕ್ಕೊಟ್ಟಿನವರು ಪಾಪ ನಮ್ಮ ತಲೆಗೆ ಕಟ್ಟುವುದು ಬೇಡ. ತಂದೆಯ ಕಾಲದಿಂದ ಇದೇ ಕಸುಬು. ತುಕ್ಕು ಕೆರೆದು, ಉಪ್ಪು ತೊಳೆದು, ಒಣಗಿಸಿ, ಪ್ರೈಮರ್ ಹೊಡೆದು ಆಮೇಲೆ ಕೋಟಿಂಗ್ ಎಂದರೆ ಗಿರಾಕಿಗೆ ದುಬಾರಿ. "ಇವತ್ತೇ ಹೊಡೆದು ಕೊಡಿ, ನಾಳೆ ಪಾರ್ಟಿ ಬರುತ್ತದೆ" ಎನ್ನುವವರನ್ನು ನಾನು ಗೇಟಿನಿಂದಲೇ ಕಳುಹಿಸಿದ್ದೇನೆ, ಬಂದ ದುಡ್ಡು ಬಿಟ್ಟಿದ್ದೇನೆ. ಒದ್ದೆ ತುಕ್ಕಿನ ಮೇಲೆ ಕೋಟಿಂಗ್ ಬಿದ್ದರೆ ಉಪ್ಪು, ನೀರು ಎರಡೂ ಒಳಗೇ ಸಿಕ್ಕಿಬಿದ್ದು ತಗಡನ್ನು ಇನ್ನೂ ಬೇಗ ತಿನ್ನುತ್ತವೆ.

ತುಕ್ಕು ಶುರುವಾಗುವುದು ಒಳಗಿನಿಂದ. ಬಾಗಿಲಿನ ಅಡಿಯಲ್ಲೂ ರನ್ನಿಂಗ್ ಬೋರ್ಡ್‌ನಲ್ಲೂ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಕೆಂಪು ಮಣ್ಣೂ ಒಣ ಎಲೆಯೂ ತುಂಬಿ ಅವು ಕಟ್ಟಿಕೊಂಡರೆ ಒಳಗಿನ ಪೊಳ್ಳು ಭಾಗದಲ್ಲಿ ನೀರು ನಿಲ್ಲುತ್ತದೆ. ಹೊರಗೆ ಪೈಂಟ್ ಗುಳ್ಳೆ ಎದ್ದು ಕಾಣುವ ಹೊತ್ತಿಗೆ ಒಳಗೆ ತಗಡೇ ಇರುವುದಿಲ್ಲ. ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದು ನೋಡಿ, ಪುಟ್ಟಿ ದಪ್ಪ ಬಳಿದ ಕಡೆ ಅದು ಅಂಟುವುದಿಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿ ನೋಡಿ. ಬಾನೆಟ್ ತೆಗೆದು ಶಾಕ್ ಅಬ್ಸಾರ್ಬರ್‌ನ ಮೇಲ್ತುದಿ ಕೂರುವ ಜಾಗ ನೋಡಿ. ಅಲ್ಲಿ ಬಿರುಕಿದ್ದರೆ ಆ ಕಾರು ಪುಕ್ಕಟೆ ಕೊಟ್ಟರೂ ಬೇಡ.

ಮೂಲ ಉಡುಪಿ, ಈಗ ಬೆಂಗಳೂರಿನಿಂದ:
ಇಷ್ಟೆಲ್ಲ ಕಷ್ಟವೇಕೆ? ನಾನು ಊರಿನ ಕಾರು ನೋಡುವುದೇ ಇಲ್ಲ. ಬೆಂಗಳೂರಿನ 2013ರ ಕಾರು ಕೊಂಡೆ, ಅಡಿ ಇವತ್ತಿಗೂ ಹೊಸದರಂತಿದೆ. ಕರಾವಳಿಯ ಕೆಎ-19, ಕೆಎ-20 ನಂಬರ್ ಎಂದರೆ ಇಲ್ಲಿಯ ವ್ಯಾಪಾರಿಗಳೇ ಬೆಲೆ ಇಳಿಸುತ್ತಾರೆ.

ಮಲ್ಪೆಯಿಂದ:
ಬೆಂಗಳೂರಿನವರಿಗೆ ಒಂದು ಮಾತು. 2022ರ ಸೆಪ್ಟೆಂಬರ್ ಮಳೆಗೆ ಅಲ್ಲಿಯ ಬಡಾವಣೆಗಳ ನೆಲಮಾಳಿಗೆಗಳಲ್ಲಿ ಮುಳುಗಿದ ಕಾರುಗಳೆಲ್ಲ ಎಲ್ಲಿಗೆ ಹೋದವು? ನನ್ನ ತಮ್ಮ ಅಂಥದ್ದೊಂದನ್ನು ತಂದಿದ್ದಾನೆ. ತುಕ್ಕು ಇಲ್ಲ, ನಿಜ. ವೈರಿಂಗ್ ಹಾರ್ನೆಸ್, ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎಂದು 52,000 ಸುರಿದಿದ್ದಾನೆ, ಈಗಲೂ ಮೀಟರಿನಲ್ಲಿ ದೀಪ ಆರುವುದಿಲ್ಲ.

ಇನ್ನು ಮೀನಿನ ಲಾರಿ. ನಮ್ಮದು ಎರಡು ಲಾರಿ, ಎರಡಕ್ಕೂ ನೀರು ಹಿಡಿಯುವ ಟ್ಯಾಂಕ್ ಇದೆ. ಐಸು ಕರಗಿದ ನೀರಿನಿಂದ ಮೊದಲು ಸಾಯುವುದು ನಮ್ಮದೇ ಲಾರಿಯ ಚಾಸಿಸ್. ದೋಣಿಗಳು ಮೀನು ಇಳಿಸುವ ದಕ್ಕೆಗೆ ದಿನಾ ಹೋಗುವ ನನ್ನ ಕಾರು ಹದಿಮೂರು ವರ್ಷದ್ದು. ಅಡಿಯನ್ನು ಸಿಹಿನೀರಿನಲ್ಲಿ ತೊಳೆಯುವುದನ್ನು ನಾನು ತಪ್ಪಿಸುವುದಿಲ್ಲ, ಬೇಕಿದ್ದವರು ಬಂದು ಬಗ್ಗಿ ನೋಡಲಿ. ಮಲ್ಪೆಯ ಕಾರು ಎಂದ ಮಾತ್ರಕ್ಕೆ ಮೂಗು ಮುರಿಯಬೇಡಿ.

ತೊಕ್ಕೊಟ್ಟಿನಿಂದ:
ನಿಮ್ಮ ಎರಡು ಲಾರಿಗೆ ಟ್ಯಾಂಕ್ ಇರಬಹುದು ಮಾರಾಯರೇ. ಸ್ಕೂಟರಿನಲ್ಲಿ ಹಿಂದೆ ಹೋಗುವವರ ಮುಖಕ್ಕೆ ನೀರು ಹಾರಿಸುವವು ಯಾವ ಊರಿನವು ಹಾಗಾದರೆ?

ಕಾರ್ಕಳದ ವಕೀಲರಿಂದ:
ಜಗಳ ಸಾಕು, ಕೇಳಿದ್ದಕ್ಕೆ ಯಾರೂ ಉತ್ತರಿಸಿಲ್ಲ. 1930ರ ಸರಕು ಮಾರಾಟ ಕಾಯಿದೆಯ 16ನೇ ಕಲಮಿನ ಪ್ರಕಾರ ಸಾಮಾನ್ಯವಾಗಿ ವಸ್ತುವಿನ ಗುಣಮಟ್ಟಕ್ಕೆ ತಾನಾಗಿ ಖಾತರಿ ಇರುವುದಿಲ್ಲ. ಅದಕ್ಕಿರುವ ವಿನಾಯಿತಿಗಳು ಮುಖ್ಯವಾಗಿ ವ್ಯಾಪಾರಿಯಿಂದ ಕೊಂಡವರ ನೆರವಿಗೆ ಬರುತ್ತವೆ. ತನ್ನ ಸ್ವಂತ ಕಾರು ಮಾರುವವನು ವ್ಯಾಪಾರಿಯಲ್ಲ, ಗ್ರಾಹಕ ಆಯೋಗದ ಬಾಗಿಲು ಅಲ್ಲಿ ತೆರೆಯುವುದು ಕಷ್ಟ. ಉಳಿಯುವುದು 1872ರ ಕರಾರು ಕಾಯಿದೆ. ಗೊತ್ತಿರುವ ದೋಷವನ್ನು ಬೇಕೆಂದೇ ಮುಚ್ಚಿಟ್ಟರೆ 17ನೇ ಕಲಮಿನಲ್ಲಿ ಅದು ವಂಚನೆ. ಬರೀ ಮೌನವಾಗಿದ್ದರೆ ಸಾಲದು, ಮುಚ್ಚಿದ ಕೆಲಸ ತೋರಿಸಬೇಕು. ಮೌನವನ್ನಷ್ಟೇ ಹಿಡಿದು ಹೊರಟರೆ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ದರೆ ತಿಳಿಯುತ್ತಿತ್ತು ಎಂಬ 19ನೇ ಕಲಮಿನ ವಿನಾಯಿತಿ ಎದುರಾಗುತ್ತದೆ. ತೊಕ್ಕೊಟ್ಟಿನವರೇ, ಮಾರಿದವರಿಗೆ ಮೊದಲೇ ಗೊತ್ತಿತ್ತು ಎಂಬುದಕ್ಕೆ ಏನು ಆಧಾರವಿದೆ?

ಸುರತ್ಕಲ್‌ನಿಂದ:
ತುಕ್ಕಿನ ಮಾತಿನಲ್ಲಿ ಆರ್.ಸಿ. (ವಾಹನದ ನೋಂದಣಿ ಪತ್ರ) ಮರೆಯಬೇಡಿ. ನಾನು ಮಾರಿದ ಸ್ಕೂಟರಿನ ಆರ್.ಸಿ.ಯನ್ನು ಕೊಂಡವನು "ಮುಂದಿನ ವಾರ" ಎನ್ನುತ್ತಾ ಬದಲಿಸಲೇ ಇಲ್ಲ. ಅವನು ಒಬ್ಬರಿಗೆ ಗುದ್ದಿದ, ನೋಟಿಸು ನನ್ನ ಮನೆಗೆ. ವಕೀಲರ ಫೀಸು 15,000, ಓಡಾಟ, ರಜೆ, ಎಲ್ಲ ನನ್ನ ಕೈಯಿಂದ. ದಾಖಲೆಯಲ್ಲಿ ಹೆಸರಿದ್ದವನೇ ಮಾಲೀಕ ಎಂದು ಸುಪ್ರೀಂ ಕೋರ್ಟು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ ಮಾಲೀಕತ್ವ ವರ್ಗಾವಣೆ ತಿಳಿಸುವ ನಮೂನೆ 29 ಸಲ್ಲಿಸಬೇಕು. ಬಜ್ಪೆಯವರೇ, ನೀವು ಸಲ್ಲಿಸಿದ್ದೀರಾ?

ಬಜ್ಪೆಯಿಂದ:
ಎರಡನೇ ದಿನವೇ ಸಲ್ಲಿಸಿದ್ದೇನೆ, ಪ್ರತಿ ನನ್ನ ಬಳಿ ಇದೆ. ನನ್ನನ್ನು ಕಟಕಟೆಯಲ್ಲಿ ನಿಲ್ಲಿಸುವ ಕೆಲಸ ಬೇಡ.

ತೊಕ್ಕೊಟ್ಟಿನಿಂದ:
ವಕೀಲರೇ, ಆಧಾರ ಇದೆ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಹಳೆಯ ವಿಮೆಯ ಕಾಗದಗಳ ನಡುವೆ ಒಂದು ಗ್ಯಾರೇಜಿನ ಬಿಲ್ಲು ಸಿಕ್ಕಿತು. ಅವರದೇ ಹೆಸರು, ನನಗೆ ಮಾರುವ ಹದಿನೆಂಟು ದಿನ ಮೊದಲಿನ ತಾರೀಕು. "ಪ್ಲಾಟ್‌ಫಾರ್ಮ್ ತೂತು, ಶೀಟ್ ಅಂಟಿಸಿ ಕೋಟಿಂಗ್, 3,500" ಎಂದು ನೀಲಿ ಶಾಯಿಯಲ್ಲಿ ಬರೆದಿದೆ.

ಬಜ್ಪೆಯಿಂದ:
ಇದನ್ನು ಮೊದಲೇ ಹೇಳಬಾರದಿತ್ತೇ? ಹಾಗಾದರೆ ಅವರು ಮಾಡಿದ್ದು ಮೋಸ, ನಾನೂ ಒಪ್ಪುತ್ತೇನೆ. ನನ್ನ ಕಾರಿನಲ್ಲಿ ಅಂಥ ಬಿಲ್ಲು ಯಾರಿಗೂ ಸಿಗುವುದಿಲ್ಲ.

ಪಡುಬಿದ್ರಿಯ ಟಿಂಕರಿಂಗ್ ಶೆಡ್ಡಿನಿಂದ:
ಶೀಟ್ ಅಂಟಿಸುವುದೇ? ವೆಲ್ಡಿಂಗ್ ಕೂಡ ಇಲ್ಲವೇ? ಅದು ಟಿಂಕರಿಂಗ್ ಅಲ್ಲ.

ಕಾರ್ಕಳದ ವಕೀಲರಿಂದ:
ಮೂಲ ಬಿಲ್ಲನ್ನು ಜೋಪಾನವಾಗಿಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಬದಲಿಸಿದ ತಗಡಿನ ಫೋಟೋ, ದುರಸ್ತಿಯ ರಸೀದಿ, ಹಣ ಕೊಟ್ಟ ಬ್ಯಾಂಕ್ ದಾಖಲೆ ಒಟ್ಟಿಗೆ ಇರಲಿ. ದಾವೆಗೆ ಮೂರು ವರ್ಷದ ಅವಧಿ ಇದೆ, ವಂಚನೆ ತಿಳಿದ ದಿನದಿಂದ ಲೆಕ್ಕ. ಮೊದಲು ಸ್ಪೀಡ್ ಪೋಸ್ಟಿನಲ್ಲಿ ನೋಟಿಸು ಕಳುಹಿಸಿ. ಕಡೆಕಾರಿನವರೇ, ನೀವು ಮುಂಗಡಕ್ಕೆ ಮೊದಲು ಕೋಟಿಂಗ್ ಹೊಡೆಸಿದ ಬಿಲ್ಲನ್ನು ಕೇಳಿ, "ಅಡಿಯಲ್ಲಿ ತೂತು, ತೇಪೆ ಇಲ್ಲ" ಎಂದು ಮಾರಾಟ ಪತ್ರದಲ್ಲಿ ಬರೆಸಿಕೊಂಡು ಸಹಿ ಹಾಕಿಸಿ. ಬರೆಯಲು ಹಿಂಜರಿದರೆ ಕಾರು ಅವರ ಅಂಗಳದಲ್ಲೇ ಇರಲಿ.

ತೊಕ್ಕೊಟ್ಟಿನಿಂದ:
ನೋಟಿಸು ಈ ವಾರವೇ ಕಳುಹಿಸುತ್ತೇನೆ. 60,400 ಪೂರ್ತಿ ಕೇಳುತ್ತೇನೆ, ಮದುವೆ ಮನೆಯ ಪರಿಚಯ ಎಂದು ಒಂದು ರೂಪಾಯಿಯೂ ಬಿಡುವುದಿಲ್ಲ.