ಷಡ್ಡಕ, ಇನ್‌ಕ್ವೆಸ್ಟ್, ಮ್ಯಾಜಿಸ್ಟ್ರೇಟ್: ‘ಡೆತ್ ಕಮ್ಸ್ ಟು ಪೆಂಬರ್ಲಿ’ಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ‘ಡೆತ್ ಕಮ್ಸ್ ಟು ಪೆಂಬರ್ಲಿ’ ಧಾರಾವಾಹಿಗೆ ಕನ್ನಡ ಸಬ್‌ಟೈಟಲ್ ಬರೆಯುವಾಗ ಎದ್ದ ಪ್ರಶ್ನೆಗಳಿವು. ಬಿಬಿಸಿ ಒನ್‌ನಲ್ಲಿ 2013ರ ಡಿಸೆಂಬರ್ 26, 27, 28ರಂದು ಮೂರು ಕಂತುಗಳಲ್ಲಿ ಬಂದದ್ದು. ಆಧಾರ, ಪಿ. ಡಿ. ಜೇಮ್ಸ್ 2011ರಲ್ಲಿ ಬರೆದ ಕಾದಂಬರಿ. ಅದು ಜೇನ್ ಆಸ್ಟಿನ್ ಅವರ ‘ಪ್ರೈಡ್ ಅಂಡ್ ಪ್ರೆಜುಡೀಸ್’ ಮುಗಿದ ಮೇಲಿನ ಕಥೆ.

ನೋಡದವರಿಗಾಗಿ ಎರಡು ಮಾತು. ಎಲಿಜಬೆತ್ ಮತ್ತು ಡಾರ್ಸಿಯ ಮದುವೆಯಾಗಿ ಆರು ವರ್ಷ. 1803ರ ಅಕ್ಟೋಬರ್. ಡಾರ್ಸಿಯ ಮನೆ ಪೆಂಬರ್ಲಿಯಲ್ಲಿ ನೃತ್ಯಕೂಟ. ಅದರ ಹಿಂದಿನ ರಾತ್ರಿ ಎಲಿಜಬೆತ್‌ಳ ಕೊನೇ ತಂಗಿ ಲಿಡಿಯಾ ಸಾರೋಟಿನಲ್ಲಿ ಬಂದಿಳಿದು, ಕಾಡಿನಲ್ಲಿ ತನ್ನ ಗಂಡ ವಿಕ್‌ಹ್ಯಾಮ್‌ನ ಕೊಲೆಯಾಗಿದೆ ಎಂದು ಚೀರಾಡುತ್ತಾಳೆ. ಹುಡುಕಿಕೊಂಡು ಹೋದರೆ ಸತ್ತು ಬಿದ್ದಿರುವವನು ಕ್ಯಾಪ್ಟನ್ ಡೆನ್ನಿ. ಹೆಣದ ಪಕ್ಕದಲ್ಲಿ ಮೈಮೇಲೆಲ್ಲ ರಕ್ತ ಮಾಡಿಕೊಂಡು, ಕುಡಿದ ಅಮಲಿನಲ್ಲಿ ಗೋಳಾಡುತ್ತಿರುವವನು ವಿಕ್‌ಹ್ಯಾಮ್.

ಡಾರ್ಸಿಗೆ ವಿಕ್‌ಹ್ಯಾಮ್ ಏನಾಗಬೇಕು? ಇಂಗ್ಲಿಷ್‌ನಲ್ಲಿ ‘ಬ್ರದರ್’ ಎಂದು ಮುಗಿಸುತ್ತಾರೆ. ಕರ್ನಲ್ ಫಿಟ್ಜ್‌ವಿಲಿಯಂ ‘ಕಸಿನ್’ ಎಂದರೆ ಯಾವ ಕಡೆಯ ನೆಂಟ? ಮ್ಯಾಜಿಸ್ಟ್ರೇಟ್, ಕೊರೊನರ್, ಇನ್‌ಕ್ವೆಸ್ಟ್, ಅಸೈಜ್ ಇವುಗಳನ್ನು ಹೇಗೆ ಬರೆಯುವುದು? ಪರಿಚಯದ ಟಿಪ್ಪಣಿಯಲ್ಲಿ ‘ಸೀಕ್ವೆಲ್’, ‘ರೀಜೆನ್ಸಿ’ ಎಂಬ ಪದಗಳೂ ಬರುತ್ತವೆ. ಪರದೆಯಲ್ಲಿ ಸಿಗುವುದು ಎರಡೇ ಸಾಲು, ವಿವರಣೆಗೆ ಜಾಗವಿಲ್ಲ.

ಉತ್ತರ 1

ಮೇಡಂ, ಮೊದಲನೆಯದಕ್ಕೆ ತಡಕಾಡಬೇಕಿಲ್ಲ. ಷಡ್ಡಕ. ಕೆಲವು ಕಡೆ ಸಡ್ಡಕ ಎನ್ನುತ್ತಾರೆ. ಅಕ್ಕತಂಗಿಯರನ್ನು ಮದುವೆಯಾದ ಗಂಡಸರು ಒಬ್ಬರಿಗೊಬ್ಬರು ಷಡ್ಡಕರು. ಎಲಿಜಬೆತ್‌ಳ ಅಕ್ಕ ಜೇನ್‌ಳ ಗಂಡ ಬಿಂಗ್ಲಿ, ಎಲಿಜಬೆತ್‌ಳ ಗಂಡ ಡಾರ್ಸಿ, ಲಿಡಿಯಾಳ ಗಂಡ ವಿಕ್‌ಹ್ಯಾಮ್, ಮೂವರೂ ಬೆನೆಟ್ ಮನೆಯ ಅಳಿಯಂದಿರು, ತಮ್ಮತಮ್ಮಲ್ಲಿ ಷಡ್ಡಕರು. ‘ಭಾವಮೈದ’ ಎಂದು ಬರೆದರೆ ಹೆಂಡತಿಯ ತಮ್ಮ ಎಂದು ಓದುವವರೇ ಹೆಚ್ಚು. ಬೆನೆಟ್ಟರಿಗೆ ಗಂಡುಮಕ್ಕಳೇ ಇಲ್ಲ ಎಂಬುದರ ಮೇಲೆ ಮೊದಲ ಕಾದಂಬರಿ ಇಡಿಯಾಗಿ ನಿಂತಿದೆ, ಅದಕ್ಕೇ ಪೆಟ್ಟು. ‘ಸಂಬಂಧಿ’ ಎಂದರೆ ತೀರಾ ಸಪ್ಪೆ.

ಈ ಕಥೆಗೆ ಷಡ್ಡಕ ಬೇಕೇಬೇಕು. ಡಾರ್ಸಿಗೆ ವಿಕ್‌ಹ್ಯಾಮ್‌ನ ಮುಖ ಕಂಡರಾಗದು. ತಂದೆಯ ಪಾರುಪತ್ಯಗಾರನ ಮಗನಾಗಿ ಇದೇ ಪೆಂಬರ್ಲಿಯಲ್ಲಿ ಜೊತೆಗೆ ಬೆಳೆದವನು, 3,000 ಪೌಂಡ್ ತೆಗೆದುಕೊಂಡು ಪಾದ್ರಿ ಹುದ್ದೆಯ ಹಕ್ಕು ಬಿಟ್ಟವನು, ದುಡ್ಡು ಕರಗಿದ ಮೇಲೆ ಅದೇ ಹುದ್ದೆ ಕೇಳಲು ಬಂದವನು, ಡಾರ್ಸಿಯ ತಂಗಿ, ಹದಿನೈದರ ಜಾರ್ಜಿಯಾನಾಳನ್ನು ಅವಳ 30,000 ಪೌಂಡ್ ಆಸ್ತಿಗಾಗಿ ಓಡಿಸಿಕೊಂಡು ಹೋಗಲು ಹೊಂಚಿದವನು. ಅಂಥವನು ಮನೆಯ ಅಳಿಯನೇ ಆಗಿಬಿಟ್ಟ. ಷಡ್ಡಕರ ನಡುವೆ ಇರುವ ಒಳಪೈಪೋಟಿ, ಒಬ್ಬ ಹೆಚ್ಚು ಒಬ್ಬ ಕಡಿಮೆ ಎಂಬ ಲೆಕ್ಕಾಚಾರ ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. (‘ಸ್ಟೂವರ್ಡ್’ಗೆ ನಾನು ಬಳಸಿರುವ ಪಾರುಪತ್ಯಗಾರ ನಿಮಗೂ ಒಗ್ಗುತ್ತದೆ. ‘ಮ್ಯಾನೇಜರ್’ ಬ್ಯಾಂಕಿಗೆ ಹೋಗುತ್ತಾನೆ.)

ಎಲಿಜಬೆತ್ ಮತ್ತು ವಿಕ್‌ಹ್ಯಾಮ್ ನಡುವಿನ ಮಾತಿನಲ್ಲಿ ಎಚ್ಚರ ಬೇಕು. ಆ ಕಾಲದ ಇಂಗ್ಲಿಷ್‌ನಲ್ಲಿ ಮದುವೆಯಿಂದ ಬಂದ ನೆಂಟರನ್ನೂ ಬರೀ ಬ್ರದರ್, ಸಿಸ್ಟರ್ ಎನ್ನುತ್ತಿದ್ದರು. ಆಸ್ಟಿನ್ನರ ಕಾದಂಬರಿಯಲ್ಲೇ ಎಲಿಜಬೆತ್ ಅವನಿಗೆ, ನಾವೀಗ ಬ್ರದರ್ ಸಿಸ್ಟರ್ ಆದೆವಲ್ಲ, ಹಳೆಯದಕ್ಕೆ ಜಗಳ ಬೇಡ ಎಂಬರ್ಥದ ಮಾತಾಡುತ್ತಾಳೆ. ಅದನ್ನು ‘ಅಣ್ಣ ತಂಗಿ’ ಮಾಡಿದಿರೋ, ಒಂದು ಕಾಲಕ್ಕೆ ಅವನತ್ತ ಒಲಿದಿದ್ದ ಹೆಣ್ಣು ಈಗ ಅವನಿಗೆ ರಾಖಿ ಕಟ್ಟಿದಂತಾಗುತ್ತದೆ. ‘ನಾವೀಗ ನೆಂಟರು’ ಸಾಕು.

ಇನ್ನು ಕಸಿನ್. ಇಲ್ಲಿ ಕನ್ನಡ ಸುಮ್ಮನೆ ಬಿಡುವುದಿಲ್ಲ, ಯಾವ ಕಡೆ ಎಂದು ಕೇಳಿಯೇ ಕೇಳುತ್ತದೆ. ಡಾರ್ಸಿಯ ತಾಯಿ ಲೇಡಿ ಆ್ಯನ್, ಲೇಡಿ ಕ್ಯಾಥರಿನ್, ಒಬ್ಬ ಅರ್ಲ್ (ಬಿರುದುಳ್ಳ ದೊಡ್ಡ ಜಮೀನ್ದಾರ), ಈ ಮೂವರು ಒಡಹುಟ್ಟಿದವರು. ಕರ್ನಲ್ ಆ ಅರ್ಲ್‌ನ ಮಗ. ಹಾಗಾಗಿ ಡಾರ್ಸಿಗೂ ಜಾರ್ಜಿಯಾನಾಳಿಗೂ ಅವನು ಸೋದರಮಾವನ ಮಗ. ಮೊದಲ ಕಾದಂಬರಿಯಲ್ಲಿ ಅವನಿಗೆ ಸುಮಾರು ಮೂವತ್ತು, ಡಾರ್ಸಿಗೆ ಇಪ್ಪತ್ತೆಂಟು. ಅಂದರೆ ಡಾರ್ಸಿಗೆ ಭಾವ, ಜಾರ್ಜಿಯಾನಾಳಿಗಂತೂ ಭಾವನೇ. ಧಾರಾವಾಹಿಯಲ್ಲಿ ಕರ್ನಲ್ ಜಾರ್ಜಿಯಾನಾಳನ್ನು ಮದುವೆಯಾಗಲು ಬಯಸುತ್ತಾನೆ. ಅವಳ ಮನಸ್ಸು ವಕೀಲ ಆಲ್ವೆಸ್ಟನ್ ಕಡೆಗಿದೆ. ‘ಮಾವನ ಮಗ’ ಎಂದು ಬರೆದರೆ ನಮ್ಮ ನೋಡುಗರಿಗೆ ಈ ಸಂಬಂಧ ಸಹಜವಾಗಿ ಕಾಣುತ್ತದೆ, ಸೋದರಿಕೆಯಲ್ಲೇ ಕೊಡುವ ಮಾತಾಯಿತಲ್ಲ. ‘ಸೋದರ ಸಂಬಂಧಿ’ ಎಂದರೆ ಅಣ್ಣ ತಂಗಿಯ ವಾಸನೆ ಬಂದು ಮುಖ ಸಿಂಡರಿಸುತ್ತಾರೆ.

ತೊಡಕಿರುವುದು ಇನ್ನೊಂದು ಕಡೆ. ಲೇಡಿ ಕ್ಯಾಥರಿನ್ ತನ್ನ ಮಗಳನ್ನು ಡಾರ್ಸಿಗೆ ಕೊಡಬೇಕೆಂದು ಹಟ ಹಿಡಿದವಳು. ತಾಯಿಯ ಅಕ್ಕನೋ ತಂಗಿಯೋ ಆದವಳ ಮಗಳು ನಮ್ಮಲ್ಲಿ ತಂಗಿಯೇ. ಇಂಗ್ಲಿಷರಿಗೆ ಕಸಿನ್ ಎಲ್ಲ ಒಂದೇ, ಮದುವೆಗೆ ಅಡ್ಡಿಯಿಲ್ಲ. ಆ ಹಳೆಯ ವಿಷಯ ಎತ್ತುವ ಸಾಲಿನಲ್ಲಿ ದೊಡ್ಡಮ್ಮ, ಚಿಕ್ಕಮ್ಮ ಎರಡನ್ನೂ ಬಿಟ್ಟು ‘ಲೇಡಿ ಕ್ಯಾಥರಿನ್’ ಎಂದೇ ಬರೆದು, ಮಗಳಿಗೆ ‘ಕಸಿನ್’ ಇಟ್ಟುಕೊಳ್ಳಿ. ಕರ್ನಲ್‌ಗೆ ಕನ್ನಡ ಪದ, ಅವಳಿಗೆ ಇಂಗ್ಲಿಷ್ ಪದ ಏಕೆ ಎಂದು ಯಾರಾದರೂ ಕೇಳಿದರೆ ಇದೇ ಕಾರಣ ಹೇಳಿ.

‘ಸೀಕ್ವೆಲ್’ಗೆ ‘ಎರಡನೇ ಭಾಗ’ ಬೇಡ, ಅದೇ ಲೇಖಕರು ಮುಂದುವರಿಸಿದರು ಎಂದಾಗುತ್ತದೆ. ಇಲ್ಲಿ 198 ವರ್ಷಗಳ ಅಂತರ, ಬೇರೆ ಕೈ. ‘ಉತ್ತರಕಥೆ’ ಸರಿ. ‘ರೀಜೆನ್ಸಿ’ ಎಂಬುದು 1811ರಿಂದ 1820, ಮೂರನೇ ಜಾರ್ಜ್ ಅಸ್ವಸ್ಥನಾಗಿ ಮಗ ರಾಜ್ಯ ನೋಡಿಕೊಂಡ ಕಾಲ. ಕಥೆ ನಡೆಯುವುದು 1803ರಲ್ಲಾದ್ದರಿಂದ ಲೆಕ್ಕಕ್ಕೆ ಅದರೊಳಗೆ ಬರುವುದೇ ಇಲ್ಲ. 1813ರ ಮೂಲ ಕಾದಂಬರಿಯಿಂದ ಅಂಟಿದ ಹೆಸರು. ‘ರೀಜೆಂಟ್’ ಪದ ಮೈಸೂರಿನವರಿಗೆ ಹೊಸದಲ್ಲ, 1895ರಿಂದ 1902ರವರೆಗೆ ವಾಣಿವಿಲಾಸ ಸನ್ನಿಧಾನದವರು ರೀಜೆಂಟ್ ಆಗಿದ್ದರು. ರೀಜೆನ್ಸಿ ಎಂದೇ ಇಡಿ.

ಉತ್ತರ 2

ನಮಸ್ಕಾರ. ಕೋರ್ಟಿನ ಪದಗಳ ಬಗ್ಗೆ. ನೆಂಟಸ್ತಿಕೆಯಲ್ಲಿ ಕನ್ನಡ ಪದವೇ ಕೈಹಿಡಿದರೆ ಇಲ್ಲಿ ಕನ್ನಡ ಪದವೇ ದಾರಿ ತಪ್ಪಿಸುತ್ತದೆ. ಏಕೆಂದರೆ ನಮ್ಮ ಕೋರ್ಟಿನ ಮಾತೆಲ್ಲ ಇಂದಿನ ಪೊಲೀಸ್ ವ್ಯವಸ್ಥೆಗೆ ಹೊಂದಿಕೊಂಡದ್ದು. 1803ರಲ್ಲಿ ಇಂಗ್ಲೆಂಡಿನ ಹಳ್ಳಿಗಾಡಿಗೆ ಪೊಲೀಸರೇ ಇರಲಿಲ್ಲ. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಶುರುವಾದದ್ದೂ 1829ರಲ್ಲಿ. ಠಾಣೆ, ಇನ್‌ಸ್ಪೆಕ್ಟರ್, ದೂರು ದಾಖಲು, ಎಫ್‌ಐಆರ್ ಇವು ಒಂದೂ ಸಬ್‌ಟೈಟಲ್‌ನಲ್ಲಿ ನುಸುಳಬಾರದು. ‘ಪೊಲೀಸರನ್ನು ಕರೆಸಿ’ ಎನ್ನುವ ಕಡೆ ‘ಮ್ಯಾಜಿಸ್ಟ್ರೇಟರಿಗೆ ಹೇಳಿಕಳಿಸಿ’ ಎನ್ನಬೇಕು.

ಆ ಮ್ಯಾಜಿಸ್ಟ್ರೇಟರು ನಮ್ಮ ಜೆಎಂಎಫ್‌ಸಿ (ಪ್ರಥಮ ದರ್ಜೆ ಜುಡಿಷಿಯಲ್ ಮ್ಯಾಜಿಸ್ಟ್ರೇಟ್) ನ್ಯಾಯಾಧೀಶರಂಥವರಲ್ಲ. ಸಂಬಳವಿಲ್ಲ, ಕಾನೂನು ಓದಿರಬೇಕಿಲ್ಲ, ವರ್ಷಕ್ಕೆ 100 ಪೌಂಡ್ ಭೂಮಿಯ ಆದಾಯ ಇದ್ದರೆ ಸಾಕು. ಸರ್ ಸೆಲ್ವಿನ್ ಹಾರ್ಡ್‌ಕ್ಯಾಸಲ್ ಅಂಥವನು, ಡಾರ್ಸಿಯೂ ಅಂಥವನೇ. ಆದರೆ ಕೊಲೆಯಾದದ್ದು ಅವನ ಕಾಡಿನಲ್ಲಿ, ಅನುಮಾನ ಇರುವುದು ಷಡ್ಡಕನ ಮೇಲೆ. ಅದಕ್ಕೇ ಅವನು ದೂರ ನಿಂತು, ರಾತ್ರೋರಾತ್ರಿ ಕುದುರೆ ಏರಿ ಪಕ್ಕದ ಎಸ್ಟೇಟಿನ ಹಾರ್ಡ್‌ಕ್ಯಾಸಲ್‌ನನ್ನು ಕರೆತರಬೇಕಾಗುತ್ತದೆ. ಮೊದಲ ಸಲ ಬಂದಾಗ ‘ಆನರರಿ ಮ್ಯಾಜಿಸ್ಟ್ರೇಟ್’ ಎನ್ನಿ. ಹಿಂದೆ ನಮ್ಮಲ್ಲೂ ಆ ಹೆಸರಿನ, ಸಂಬಳವಿಲ್ಲದ ಮ್ಯಾಜಿಸ್ಟ್ರೇಟರಿದ್ದರು. ಆಮೇಲೆ ಬರೀ ಮ್ಯಾಜಿಸ್ಟ್ರೇಟ್ ಸಾಕು. ‘ನ್ಯಾಯಾಧೀಶ’ ಪದವನ್ನು ಕೊನೆಯ ವಿಚಾರಣೆಗೆ ಉಳಿಸಿಕೊಳ್ಳಿ.

ಹೆಚ್ಚು ಜನ ಎಡವುವುದು ಇನ್‌ಕ್ವೆಸ್ಟ್‌ನಲ್ಲಿ. ನಿಘಂಟು ನೋಡಿ ‘ಶವಪಂಚನಾಮೆ’ ಎಂದು ಬರೆದುಬಿಡುತ್ತಾರೆ. ಪಂಚನಾಮೆ ಎಂದರೆ ಪೊಲೀಸರು ಪಂಚರನ್ನು ಕರೆದು ಹೆಣ ಇದ್ದ ಸ್ಥಿತಿ, ಮೈಮೇಲಿನ ಗಾಯ ಬರೆದುಕೊಳ್ಳುವುದು. ಮೊದಲು ಸಿಆರ್‌ಪಿಸಿ (ಅಪರಾಧ ಪ್ರಕ್ರಿಯಾ ಸಂಹಿತೆ) 174ನೇ ಕಲಂ, 2024ರ ಜುಲೈಯಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ 194. ಅಲ್ಲಿ ತೀರ್ಪಿಲ್ಲ. ಇಂಗ್ಲೆಂಡಿನ ಇನ್‌ಕ್ವೆಸ್ಟ್‌ನಲ್ಲಿ ಕೊರೊನರ್ (ಅಸಹಜ ಸಾವು ವಿಚಾರಿಸುವ ಅಧಿಕಾರಿ) ಜ್ಯೂರಿ ಕೂರಿಸಿ, ಜನರೆದುರು, ಸಾಮಾನ್ಯವಾಗಿ ಊರಿನ ದೊಡ್ಡ ಛತ್ರದಲ್ಲಿ, ಸಾಕ್ಷಿಗಳನ್ನು ಕೇಳುತ್ತಿದ್ದ. ಸತ್ತವರು ಯಾರು, ಹೇಗೆ, ಯಾರ ಕೈಯಿಂದ ಎಂದು ಜ್ಯೂರಿ ಹೇಳಬೇಕು. ಕನಿಷ್ಠ 12 ಮಂದಿ ಒಪ್ಪಬೇಕು. ಹೆಸರು ಹಿಡಿದು ‘ಉದ್ದೇಶಪೂರ್ವಕ ಕೊಲೆ’ ಎಂದರೆ ಆ ಮನುಷ್ಯ ನೇರ ದೊಡ್ಡ ಕೋರ್ಟಿಗೆ. ಹಾಗಾಗಿ ‘ಮರಣ ವಿಚಾರಣೆ’ ಎನ್ನಿ. ‘ಮರಣೋತ್ತರ ಪರೀಕ್ಷೆ’ ಅಂತೂ ಬೇಡವೇ ಬೇಡ, ಅದು ವೈದ್ಯರ ಕೆಲಸ. ಕೊರೊನರ್ ಕೊರೊನರ್ ಆಗಿಯೇ ಇರಲಿ. ಆ ಹುದ್ದೆ ನಮ್ಮ ದೇಶದಲ್ಲಿ ಇದ್ದದ್ದು ಕಲ್ಕತ್ತ, ಮುಂಬೈಯಂಥ ಪ್ರೆಸಿಡೆನ್ಸಿ ನಗರಗಳಲ್ಲಿ, ಮುಂಬೈಯಲ್ಲೂ 1999ರಲ್ಲಿ ಹೋಯಿತು. ಕನ್ನಡದಲ್ಲಿ ಹೆಸರು ಹುಟ್ಟಲು ಕಾರಣವೇ ಇರಲಿಲ್ಲ.

ಅಸೈಜ್ ಎಂದರೆ ಲಂಡನ್ನಿನ ನ್ಯಾಯಾಧೀಶರು ವರ್ಷಕ್ಕೆರಡು ಬಾರಿ ಜಿಲ್ಲಾ ಊರುಗಳಿಗೆ ಸುತ್ತು ಬಂದು ದೊಡ್ಡ ಅಪರಾಧ ವಿಚಾರಿಸುವುದು. ‘ಸೆಷನ್ಸ್ ಕೋರ್ಟ್’ ಸುಲಭವಾಗಿ ಬಾಯಿಗೆ ಬರುತ್ತದೆ, ಆದರೆ ಅಲ್ಲಿ ವರ್ಷಕ್ಕೆ ನಾಲ್ಕು ಬಾರಿ ಮ್ಯಾಜಿಸ್ಟ್ರೇಟರೇ ಕೂಡುತ್ತಿದ್ದ ಕ್ವಾರ್ಟರ್ ಸೆಷನ್ಸ್ ಬೇರೆಯೇ ಇತ್ತು. ಧಾರವಾಡ, ಕಲಬುರಗಿಯಲ್ಲಿ ಹೈಕೋರ್ಟ್ ಪೀಠ 2008ರಲ್ಲಿ ಶುರುವಾದಾಗ ‘ಸಂಚಾರಿ ಪೀಠ’ ಎಂಬ ಮಾತು ಪತ್ರಿಕೆಗಳಲ್ಲಿ ಓಡಾಡಿದೆ. ಅದನ್ನೇ ಬಳಸಿ, ಎಲ್ಲರಿಗೂ ತಿಳಿಯುತ್ತದೆ.

ವಿಚಾರಣೆಯ ದೃಶ್ಯದಲ್ಲಿ ನೀವಾಗಿ ಏನನ್ನೂ ಸೇರಿಸಬೇಡಿ. ಕೊಲೆಯಂಥ ಮೊಕದ್ದಮೆಯಲ್ಲಿ ಆರೋಪಿಯ ವಕೀಲ ಆಗ ಪಾಟೀಸವಾಲು ಮಾಡಬಹುದಿತ್ತು, ಜ್ಯೂರಿಯನ್ನು ಉದ್ದೇಶಿಸಿ ವಾದ ಮಂಡಿಸುವಂತಿರಲಿಲ್ಲ. ಆ ಹಕ್ಕು ಬಂದದ್ದು 1836ರಲ್ಲಿ. ಆರೋಪಿ ಪ್ರಮಾಣ ಮಾಡಿ ಸಾಕ್ಷಿ ಹೇಳುವ ಹಕ್ಕು 1898ರದ್ದು. ‘ಮೇಲ್ಮನವಿ’ ಪದವನ್ನೂ ಕೈಬಿಡಿ. 1752ರಿಂದ ಜಾರಿಯಲ್ಲಿದ್ದ ಕಾಯ್ದೆಯಂತೆ ಕೊಲೆಗಾರನಿಗೆ ಶಿಕ್ಷೆ ಹೇಳಿದ ಮೂರನೇ ದಿನಕ್ಕೆ ನೇಣು, ಆ ದಿನ ಭಾನುವಾರವಾದರೆ ಒಂದು ದಿನ ಹೆಚ್ಚು. ಉಳಿದ ದಾರಿ ದೊರೆಯ ‘ಕ್ಷಮಾದಾನ’ ಒಂದೇ. ಕೊನೆಯ ಕಂತಿನ ಓಟವೆಲ್ಲ ಈ ಗಡುವಿನಿಂದಲೇ. ಮೇಲ್ಮನವಿ ಇದೆ ಎಂದುಕೊಂಡ ನೋಡುಗನಿಗೆ ಇಷ್ಟೊಂದು ಅವಸರವೇಕೆ ಎನಿಸುತ್ತದೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದ. ಷಡ್ಡಕ ಸೇರಿಸಿದೆ, ಪಂಚನಾಮೆ ತೆಗೆದೆ. ಇನ್ನೊಂದೇ ಉಳಿದಿದೆ. ಹೆಣದ ಪಕ್ಕ ಕೂತ ವಿಕ್‌ಹ್ಯಾಮ್ ತನ್ನ ಗೆಳೆಯನನ್ನು ತಾನೇ ಕೊಂದೆ, ತಪ್ಪು ತನ್ನದು ಎನ್ನುತ್ತಾನೆ. ಆ ಮಾತು ತಪ್ಪೊಪ್ಪಿಗೆಯೋ ದುಃಖವೋ ಎಂಬುದರ ಮೇಲೆ ಇಡೀ ಮೊಕದ್ದಮೆ ನಿಂತಿದೆ. ‘ನನ್ನಿಂದ ಸತ್ತ’ ಎಂದು ಬರೆದಿದ್ದೇನೆ.

ಉತ್ತರ 1

ಅದು ಬೇಡ ಮೇಡಂ. ‘ನನ್ನಿಂದ ಸತ್ತ’ ಎಂದರೆ ಅವನು ಕೊಂದಿಲ್ಲ ಎಂದು ಮೊದಲ ಕಂತಿನಲ್ಲೇ ನೀವೇ ತೀರ್ಪು ಕೊಟ್ಟಂತೆ. ‘ಕೊಂದುಹಾಕಿದೆ’ ಎಂದರೆ ಬೇಕೆಂದೇ ಮಾಡಿದ ಗಟ್ಟಿತನ ಬರುತ್ತದೆ, ಆಗ ನೇಣು ಖಾಯಂ. ‘ಕೊಂದೆ’ ಎಂಬುದು ವರದಿ ಒಪ್ಪಿಸಿದ ಹಾಗೆ, ಅಳುವವನ ಬಾಯಲ್ಲಿ ನಿಲ್ಲುವುದಿಲ್ಲ. ‘ಕೊಂದುಬಿಟ್ಟೆ’ ಹಾಕಿ. ಕೈಮೀರಿ ಆಗಿಹೋಯಿತು ಎಂಬ ಹಳಹಳಿಯೂ ಅದರಲ್ಲಿದೆ, ಹಾರ್ಡ್‌ಕ್ಯಾಸಲ್ ಕಿವಿಗೆ ಅದು ನೇರ ತಪ್ಪೊಪ್ಪಿಗೆಯಾಗಿಯೂ ಕೇಳುತ್ತದೆ. ‘ಇದ್ದ ಒಬ್ಬ ಗೆಳೆಯನನ್ನೂ ಕೊಂದುಬಿಟ್ಟೆ, ಎಲ್ಲ ನನ್ನದೇ ತಪ್ಪು’, ಒಂದೇ ಸಾಲಿನಲ್ಲಿ ಕೂರುತ್ತದೆ. ವಿಚಾರಣೆಯಲ್ಲಿ ಸಾಕ್ಷಿಗಳು ಇದೇ ಮಾತನ್ನು ಮತ್ತೆ ಹೇಳುವಾಗ ಅಕ್ಷರವೂ ಬದಲಾಗದಂತೆ ನೋಡಿಕೊಳ್ಳಿ. ಅಲ್ಲಿ ‘ಕೊಂದೆ’ ಎಂದು ಚುಟುಕು ಮಾಡಿದರೆ ಸಾಕ್ಷಿ ಸುಳ್ಳು ಹೇಳುತ್ತಿದ್ದಾನೆ ಎಂದು ನೋಡುವವರು ತಿಳಿಯುತ್ತಾರೆ.

ಹಾಗೇ ಇನ್ನೊಂದು. ಕಾಡಿನೊಳಗೆ ಆಳುಮಗನ ಸಂಸಾರ ಇರುವ ‘ಕಾಟೇಜ್’ ಅನ್ನು ಕಾಟೇಜ್ ಎನ್ನಬೇಡಿ, ಚಿಕ್ಕಮಗಳೂರಿನ ರೆಸಾರ್ಟ್ ನೆನಪಾಗುತ್ತದೆ. ‘ಕಾಡುಮನೆ’ ಎನ್ನಿ. ಪೆಂಬರ್ಲಿಯನ್ನು ಅರಮನೆ ಮಾಡಬೇಡಿ. ಹೊರನೋಟಕ್ಕೆ ತೋರಿಸಿರುವುದು ಡಾರ್ಬಿಶೈರಿನ ಚಾಟ್ಸ್‌ವರ್ತ್, ನೋಡಲು ಅರಮನೆಯೇ ಹೌದು. ಆದರೆ ಡಾರ್ಸಿಗೆ ವರ್ಷಕ್ಕೆ 10,000 ಪೌಂಡ್ ವರಮಾನವಿದ್ದರೂ ಬಿರುದಿಲ್ಲ, ಬರೀ ಮಿಸ್ಟರ್. ‘ಮಹಲು’ ಸಾಕು, ಆಳುಗಳ ಬಾಯಲ್ಲಿ ‘ದೊಡ್ಡಮನೆ’.